ಮಡಿ ಸರ್ ಮತ್ತು ಅಕ್ಕಲಕೋಟದ ನಲವತ್ತು ಖೋಲಿ

ಕಂಪ್ಯೂಟರ್ ಕಲಸೂದು ಶಾಂತ ಕೆಲಸ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಸೊಲಾಪುರದ ನಮ್ಮ ಎರಡು ಖೋಲಿ ಕ್ಲಾಸಿನ್ಯಾಗ ವಾರಕ್ಕೊಂದು ತಮಾಷಾ ಆಗಲಿಲ್ಲಂದ್ರ ನಮಗ ಊಟ ಸೇರ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಸಿ ಪ್ಲಸ್ ಪ್ಲಸ್ ಅನ್ನೋ ಕಂಪ್ಯೂಟರ್ ಭಾಷಾ ಹೇಳ್ತಿದ್ದೆ. ಬಾಜೂ ಖೋಲ್ಯಾಗ ಇನ್ನೊಬ್ಬ ಸರ್ ಸ್ಮಾಲ್‌ಟಾಕ್ ಅನ್ನೋ ಇನ್ನೊಂದು ಭಾಷಾ ಹೇಳ್ತಿದ್ರು. ಅವರ ಭಾಷಾದಾಗ ಅಂಕಿ, ಅಕ್ಷರ, ಏನ ಇರ್ಲಿ, ಎಲ್ಲಾ ಒಂದೊಂದು ಆಬ್ಜೆಕ್ಟ್. ಒಂದರೊಳಗ ಇನ್ನೊಂದು ಕೈ ಹಾಕೂಹಂಗಿಲ್ಲ, ಬೇಕಾದ್ದು ಸಂದೇಶ ಕಳಿಸಿ ಕೇಳ್ಬೇಕು. ನನ್ನ ಭಾಷಾದಾಗ ಆಬ್ಜೆಕ್ಟೂ ನಡೀತದ, ಹಳೇ ಪದ್ಧತೀನೂ ನಡೀತದ, ಅವಸರಕ್ಕ ಎರಡೂ ಕಲಸಿದ್ರೂ ನಡೀತದ. ಅವರು ಅದಕ್ಕ ಮೈಲಿಗಿ ಅಂತಿದ್ರು. ನಾನು ಅವರಿಗೆ ಮಡಿ ಸರ್ ಅಂತಿದ್ದೆ.

ಒಂದಿನ ಕ್ಲಾಸಿನ ಮಾಲಕರು ಇಬ್ಬರನ್ನೂ ಕರೆದ್ರು. ಅಕ್ಕಲಕೋಟದ ಒಂದು ಲಾಜಿಗೆ ಯಾತ್ರಿಕರಿಗೆ ಖೋಲಿ ಹಂಚೋ ಪ್ರೋಗ್ರಾಂ ಬೇಕಂತ. ಯಾವ ಭಾಷಾ ಅಲ್ಲಿ ನಡೀತದೋ ಆ ಕ್ಲಾಸ್ ಉಳೀತದ, ಇನ್ನೊಂದು ಬಂದ್. ಕ್ಲಾಸ್ ಇಲ್ಲದವರು ಒಂದನೇ ತಾರೀಖಿಂದ ಕೆಳಗ ಟೈಪಿಂಗ್ ಕಲಸ್ರಿ ಅಂದುಬಿಟ್ರು. ಕೆಳಗ ಆ ಮಷೀನುಗಳ ಖಟಖಟಾ ಕೇಳಿದ್ರನ ನನಗ ತಲಿ ಸಿಡೀತಿತ್ತು. ಖರೇ ಹೇಳ್ತೀನಿ, ನಾ ಅಂಜಿದ್ದೆ.

ಎರಡಕ್ಕ ಮೂರು

ಮಡಿ ಸರ್ ಕಡೆ ವಳಸಂಗ ಹಳ್ಳಿಂದ ಒಬ್ಬ ಸಾಲಿ ಮಾಸ್ತರು ಬರ್ತಿದ್ರು. ಮೂವತ್ತು ವರ್ಷ ಗಣಿತ ಕಲಿಸಿದವರು. ಅವರಿಗೆ ಸರ್ ಮೊದಲನೇ ದಿನಾನ ಹೇಳಿದ್ರು: ನೀವು ಎರಡು, ಮೂರು ಕೂಡಸೂಹಂಗಿಲ್ಲ, ಎರಡಕ್ಕ ಒಂದು ಸಂದೇಶ ಕಳಸಬೇಕು, ಮೂರನ್ನ ಕೂಡಿಸ್ಕೋ ಅಂತ. ಎರಡು ತಾನ ಕೂಡಿಸಿಕೊಂಡು ಉತ್ತರ ಕೊಡ್ತದ.

ಮಾಸ್ತರು ಪೆನ್ನು ಕೆಳಗಿಟ್ರು. ಸಂದೇಶ ಎರಡಕ್ಕ ತಿಳೀಲಿಲ್ಲಂದ್ರ ಏನ ಮಾಡ್ತದ್ರಿ ಅಂತ ಕೇಳಿದ್ರು. ಸರ್ ಭಾಳ ಖುಷಿಯಿಂದ, ನನಗ ತಿಳೀಲಿಲ್ಲ ಅಂತ ವಾಪಸ್ ಹೇಳ್ತದ, ಇಷ್ಟು ಶುದ್ಧ ಭಾಷಾ ಇನ್ನೊಂದಿಲ್ಲ ಅಂದ್ರು.

"ಹಂಗಾದ್ರ ನಮ್ಮ ಸಾಲ್ಯಾಗ ಎಲ್ಲಾ ಹುಡುಗರೂ ಭಾಳ ಶುದ್ಧ ಅದಾರ ಬಿಡ್ರಿ" ಅಂದ್ರು ಮಾಸ್ತರು.

ಮಾಸ್ತರ ಜೀಪು

ನಾ ಏನ ಕಡಿಮಿ ಇಲ್ಲ. ಅದೇ ಮಾಸ್ತರನ್ನ ನನ್ನ ಕಡೆ ಎಳಕೋಬೇಕಂತ ವಳಸಂಗದ ಜೀಪುಗಳ ವೇಳಾಪತ್ರಿಕಿ ಅರ್ಧಾ ತಾಸಿನ್ಯಾಗ ಬರೆದು ತೋರಿಸಿದೆ. ಎಲ್ಲಾ ವೇಳೆ ಒಂದ ಕಡೆ ಬಾಗಲಾ ತೆರೆದು ಇಟ್ಟಿದ್ದೆ, ಪ್ರೋಗ್ರಾಂದ ಯಾವ ತುಂಡು ಬೇಕಾದ್ರೂ ಬಂದು ಬದಲಿ ಮಾಡಬಹುದು. ಯಾವುದೋ ಒಂದು ತುಂಡು ಬದಲಿ ಮಾಡೇಬಿಡ್ತು. ಒಂಬತ್ತಕ್ಕ ವಳಸಂಗ ಬಿಟ್ಟ ಜೀಪು ಎಂಟೂವರೀಗೆ ಸೊಲಾಪುರ ಮುಟ್ಟಿತು.

ಮಡಿ ಸರ್ ಬಾಗಲದಾಗ ನಿಂತು ನಕ್ಕಿದ್ದ ನಕ್ಕಿದ್ದು. ನನಗ ಮೈ ಎಲ್ಲಾ ಉರೀತು. ಮಾಸ್ತರು ಮಾತ್ರ ಚಷ್ಮಾ ಏರಿಸಿಕೊಂಡು ಮತ್ತೊಮ್ಮೆ ಓದಿ, ಇದನ್ನ ತಿದ್ದಬ್ಯಾಡ್ರಿ, ದಿನಾ ತಡಾ ಅಂತ ಬಯ್ಯೋ ನಮ್ಮ ಸೊಲಾಪುರ ಸಾಲಿ ಹೆಡ್‌ಮಾಸ್ತರ ಬಾಯಿ ಮುಚ್ಚಸಾಕ ನನಗ ಇದೇ ಜೀಪು ಬೇಕು ಅಂದ್ರು.

ನಲವತ್ತು ಬಾಗಲಾ

ಲಾಜಿಗೆ ಹೋಗೋ ದಿನ ಬಂತು. ಮಡಿ ಸರ್ ಅವರ ಅವ್ವ ದರ್ಶನಕ್ಕಂತ ನಮ್ಮ ಸಂಗಟ ಹೊಂಟ್ರು. ಮನ್ಯಾಗ ಭಾರಿ ಮಡಿ ಮಾಡೋ ಹೆಣ್ಮಗಳು. ಮಗ ಸ್ಟೇಷನ್ನಿನ್ಯಾಗ ಆಮ್ಲೆಟ್ ತಿಂದು ಆ ಮಡಿಗೆ ನಗಾಂವ.

ಮೊದಲ ಸರ್ ಪ್ರೋಗ್ರಾಂ ಹಾಕಿದ್ರು. ಮಧ್ಯಾಹ್ನದ ಆರತಿ ಮುಗದು ಮಂದಿ ಗಂಟುಮೂಟಿ ಹೊತಕೊಂಡು ನಿಂತಾರ, ಕಂಪ್ಯೂಟರ್ ಪಡದಿ ಮ್ಯಾಲ ತಡೀರಿ ಅನ್ನೋ ಗಡಿಯಾರದ ಚಿತ್ರ ಬಿಟ್ರ ಏನೂ ಇಲ್ಲ. ಲಾಜಿನ ಸಾಹುಕಾರರು ಏನ ನಡದದ ಅಂತ ಕೇಳಿದ್ರು. ಒಂದೊಂದ ಖೋಲಿಗೂ ಸಂದೇಶ ಹೋಗಾಕತ್ತದ, ನೀ ಖಾಲಿ ಇದ್ದೀಯೇನು ಅಂತ, ಅಂದ್ರು ಸರ್. ಪಾಪ, ಆ ಹಳೇ ಮಷೀನಿಗೆ ಅಷ್ಟು ಮಾತುಕತಿ ತಾಳತಿರಲಿಲ್ಲ.

ಸಾಹುಕಾರರು ಮ್ಯಾನೇಜರನ್ನ ಮ್ಯಾಲ ಕಳಿಸಿದ್ರು. ಅಂವ ಮೂರು ಮಜಲಿ ಹತ್ತಿ, ನಲವತ್ತು ಬಾಗಲಾ ಬಡದು, ಕೆಳಗ ಬಂದು ಎಂಟು ಖಾಲಿ ಅದಾವ ಅಂದ. ಪ್ರೋಗ್ರಾಂ ಆಗ ಇನ್ನಾ ಎರಡನೇ ಮಜಲ್ಯಾಗ ಇತ್ತು.

ರೇಷ್ಮಿ

ನನ್ನ ಫ್ಲಾಪಿ ಕಿಸೆದಾಗ ಇತ್ತು. ಹಾಕೂನೇನ್ರಿ ಅಂದೆ. ಮಡಿ ಸರ್ ಮಾರಿ ತಿರುಗಿಸಿದ್ರು. ಆಗ ಅವರ ಅವ್ವ ಕೂತಲ್ಲಿಂದನ ಅಂದ್ರು:

"ಪ್ರವಾಸದಾಗ ಮಡಿ ಇಲ್ಲೋ ಅಪ್ಪಾ. ನಾನ ಬಸ್‌ಸ್ಟ್ಯಾಂಡಿನ್ಯಾಗ ಚಹಾ ಕುಡದು ಬಂದೀನಿ. ಹಾಕು."

ನನ್ನದು ಕಣ್ಣು ಮುಚ್ಚಿ ತೆಗಿಯೂದರೊಳಗ ಖೋಲಿ ಕೊಟ್ಟಿತು. ಮಂದಿ ಭರಾಭರಾ ಮ್ಯಾಲ ಹೋದ್ರು. ಗೆದ್ದೆ ಅಂತ ನಾ ಉಬ್ಬಿ ನಿಂತೀನಿ, ಅಷ್ಟರಾಗ ಮ್ಯಾಲ ಗದ್ದಲ. ಹನ್ನೆರಡನೇ ಖೋಲಿ ಮುಂದ ಮೂರು ಕುಟುಂಬ, ಮೂವರ ಕೈಯಾಗೂ ಅದೇ ಹನ್ನೆರಡರ ಚೀಟಿ. ನನ್ನ ಪ್ರೋಗ್ರಾಂದಾಗ ಎಲ್ಲಾ ಬಾಗಲಾ ತೆರದೇ ಇದ್ವು ನೋಡ್ರಿ. ಭೂಮಿ ಬಾಯಿಬಿಟ್ರ ಸಾಕು ಅನಸ್ತು.

ಮಡಿ ಸರ್ ನನ್ನ ಸರಿಸಿ ಕುರ್ಚಿ ಮ್ಯಾಲ ಕೂತ್ರು. ನನ್ನ ಖೋಲಿ ಪಟ್ಟಿ ಹಂಗ ಇಟ್ಟು, ನನ್ನ ಸಿ ಪ್ಲಸ್ ಪ್ಲಸ್‌ನ್ಯಾಗನ ಸುತ್ತಲೂ ಆಬ್ಜೆಕ್ಟಿನ ಗೋಡಿ ಕಟ್ಟಿ ಮುಚ್ಚಿಬಿಟ್ರು. ಇನ್ನ ಖೋಲಿ ಬೇಕಂದ್ರ ಹೊರಗ ನಿಂತು ಕೇಳಬೇಕು, ಒಳಗ ಕೈ ಹಾಕೂಹಂಗಿಲ್ಲ. ಕಾಲು ತಾಸಿನ್ಯಾಗ ಎಲ್ಲಾರಿಗೂ ಬ್ಯಾರೆ ಬ್ಯಾರೆ ಖೋಲಿ ಸಿಕ್ತು.

ಇದು ಈಗ ಮಡಿನೋ ಮೈಲಿಗಿನೋ ಅಂತ ಅವ್ವ ಕೇಳಿದ್ರು.

"ಒಳಗ ಮೈಲಿಗಿನ ಅದ ಅವ್ವಾ. ಮ್ಯಾಲ ರೇಷ್ಮಿ ಉಡಿಸೀನಿ."

ರೇಷ್ಮಿ ಉಟ್ಟಮ್ಯಾಲ ಒಗೆದದ್ದೋ ಇಲ್ಲೋ ಅಂತ ನಮ್ಮ ಮಂದ್ಯಾಗ ಯಾರೂ ಕೇಳಂಗಿಲ್ಲ. ಅವ್ವಗ ಸಮಾಧಾನ ಆತು.

ನಾ ಬಸ್ಸಿನ್ಯಾಗ ಕುಣಕೋತ ಬಂದೆ. ಲಾಜಿನ್ಯಾಗ ನಡದದ್ದು ಸಿ ಪ್ಲಸ್ ಪ್ಲಸ್, ಉಳಿಯೂದು ನನ್ನ ಕ್ಲಾಸೇ ಅಲ್ಲೇನು? ಆದ್ರ ನಮ್ಮ ಮಾಲಕರು ಲಾಜಿಗೆ ಫೋನ್ ಹಚ್ಚಿದ್ರು, ಸಾಹುಕಾರರು ನಡದದ್ದು ನಡದಂಗ ಹೇಳಿದ್ರು.

ಒಂದನೇ ತಾರೀಖಿಗೆ ಮ್ಯಾಲ ಸಿ ಪ್ಲಸ್ ಪ್ಲಸ್ ಕ್ಲಾಸ್ ಭರ್ತಿ ನಡದಿತ್ತು. ಕಲಸಾಂವ ಮಡಿ ಸರ್. ನಾ ಕೆಳಗ ಖಟಖಟಾದಾಗ ನಿಂತು ಎ, ಎಸ್, ಡಿ, ಎಫ್ ಹೇಳಾಕತ್ತಿದ್ದೆ.