ಅವ್ವನ ಮರೆವಿಗೊಂದು ಪ್ರಾರ್ಥನೆ

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ನನ್ನ ಸಮ ಯಾರೂ ಇಲ್ಲವೆಂಬ ಹೆಮ್ಮೆ ನನಗಿತ್ತು. ನಮ್ಮ ಕಡೆ ಬಾಗಿಲಿನಿಂದ ಹತ್ತಿ ಸೀಟು ಹುಡುಕುವುದು ಅಮಾಯಕರ ಕೆಲಸ. ಬಲ್ಲವರು ಕಿಟಕಿಯೊಳಗೆ ಟವೆಲ್ಲೋ ಕರ್ಚೀಫೋ ಎಸೆದು, ಆಮೇಲೆ ಸಾವಕಾಶ ಹತ್ತುತ್ತಾರೆ. ಇದು ಯಾವ ಕಾಯ್ದೆಯಲ್ಲೂ ಇಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ.

ಮೊನ್ನೆ ಅವ್ವನನ್ನು ಕರೆದುಕೊಂಡು ಬೀದರಕ್ಕೆ ಹೋಗಿ, ಮಗಳ ಕಾಲೇಜಿನಿಂದ ಅವಳ ಅಸಲು ಮಾರ್ಕ್ಸ್ ಕಾರ್ಡು ತಂದೆ. ಭಾಲ್ಕಿಗೆ ಮರಳುವಾಗ ನಿಲ್ದಾಣದಲ್ಲಿ ಜನವೋ ಜನ! ಈಗೀಗ ಕರ್ಚೀಫಿಗೆ ಮರ್ಯಾದೆ ಉಳಿದಿಲ್ಲ, ಕೊಡವಿ ಕೂತುಬಿಡುತ್ತಾರೆ. ಆದ್ದರಿಂದ ಅವ್ವನನ್ನು ಬಸ್ಸಿನ ಬಾಗಿಲ ಹತ್ತಿರ ನಿಲ್ಲಿಸಿ, ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ ನುಗ್ಗಿ, ಮಾರ್ಕ್ಸ್ ಕಾರ್ಡಿನ ಚೀಲವನ್ನೇ ಕಿಟಕಿಯೊಳಗೆ ಒಗೆದೆ. "ಎರಡು ಸೀಟು ನಮ್ದವರೀ!" ಎಂದು ಘೋಷಿಸಿದೆ. ನಾನು ಒಳಗೆ ಬರುವಷ್ಟರಲ್ಲಿ ಅವ್ವ ಆರಾಮಾಗಿ ಕೂತಿದ್ದಳು, ಪಕ್ಕದ ಸೀಟು ಖಾಲಿ. ಚೀಲ ಅವ್ವ ಎತ್ತಿಟ್ಟುಕೊಂಡಿರಬೇಕೆಂದುಕೊಂಡು ನನ್ನ ಪ್ರತಾಪಕ್ಕೆ ನಾನೇ ತಲೆದೂಗಿದೆ.

ಭಾಲ್ಕಿಯಲ್ಲಿ ಇಳಿದು, ಬಸ್ಸು ಮುಂದೆ ಹೋದ ಮೇಲೆ ಕೇಳಿದೆ, "ಯವ್ವಾ, ಚೀಲ ಎಲ್ಲಿ?"

"ಯಾವ ಚೀಲ?"

"ಸೀಟಿನ ಮ್ಯಾಲ ಇತ್ತಲ್ಲ!"

"ಅಲ್ಲೇನೂ ಇದ್ದಿಲ್ಲ. ಇಬ್ಬರು ಹುಡಿಗ್ಯಾರು ಮುದುಕಿ ಅಂತ ಎದ್ದು ಜಾಗ ಕೊಟ್ಟರು, ಕುಂತೆ."

ಈ ಕಾಲದಲ್ಲಿ ಸುಮ್ಮನೆ ಎದ್ದು ಸೀಟು ಕೊಡುವವರು ಯಾರು? ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಮಕ್ಕಳ ತಪ್ಪಿಗೆ ಕೆಂಪು ಗೀಟು ಹಾಕುತ್ತಿರುವ ಟೀಚರಮ್ಮನಾದ ನನಗೆ ಅಪರಾಧಿ ತಕ್ಷಣ ಸಿಕ್ಕಳು. "ನಿನಗ ಮರವು ಬಂದದ ಯವ್ವಾ! ಚೀಲ ಕೆಳಗ ಇಟ್ಟು ಮರ್ತಿ. ನನ್ನ ಮಗಳು ಮುಂದ ಏನ್ ಮಾಡಬೇಕು?"

"ನಾ ಚೀಲ ನೋಡೇ ಇಲ್ಲ" ಎಂದು ಅವ್ವ ಮೂರು ಸಲ ಹೇಳಿದಳು.

ಅಲ್ಲಿಗೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಪಾಸ್ಟರು ಪ್ರಾರ್ಥನೆಯ ಕೋರಿಕೆ ಕೇಳಿದಾಗ ಎದ್ದು ನಿಂತೆ. ನನ್ನ ತಾಯಿಯ ಮರೆವಿನ ಕಾಯಿಲೆಗಾಗಿ ಸಭೆಯವರು ಪ್ರಾರ್ಥಿಸಬೇಕೆಂದು ಸವಿನಯವಾಗಿ ವಿನಂತಿಸಿಕೊಂಡೆ. ಪಕ್ಕದಲ್ಲೇ ಕೂತಿದ್ದ ಅವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಇಡೀ ಸಭೆ ಕಣ್ಣು ಮುಚ್ಚಿ ಮನಃಪೂರ್ವಕ ಪ್ರಾರ್ಥಿಸಿತು!

ಅವತ್ತಿನಿಂದ ಅವ್ವ ಗ್ಯಾಸ್ ಹಚ್ಚುವುದನ್ನೇ ಬಿಟ್ಟಳು. ಆರಿಸಲು ಮರೆತರೆ ಎಂಬ ಭಯ. ಅಕ್ಕಿ ಡಬ್ಬಿಯಲ್ಲಿ, ತನ್ನ ಟ್ರಂಕಿನಲ್ಲಿ ಆ ಚೀಲ ಹುಡುಕುತ್ತಿದ್ದಳು. "ಖರೇನೇ ನಾ ಮರ್ತೇನಿ ಕಾಣ್ತದ" ಎಂದು ಮೊಮ್ಮಗಳ ಮುಂದೆ ಅತ್ತಳಂತೆ. ಕೇಳಿ ನನಗೆ ಸಂಕಟವಾಯಿತು. ಆದರೆ ತಪ್ಪು ನನ್ನದಿರಬಹುದು ಎಂಬ ಯೋಚನೆ ಮಾತ್ರ ಹತ್ತಿರವೂ ಸುಳಿಯಲಿಲ್ಲ.

ಬುಧವಾರ ಫೋನು ಬಂತು. ಚೀಲದಲ್ಲಿದ್ದ, ಕಾಲೇಜಿಗೆ ಬರೆದ ಅರ್ಜಿಯ ನಕಲಿನ ಮೇಲೆ ನನ್ನ ನಂಬರಿತ್ತು. ಸ್ಪೀಕರ್ ಹಾಕಿದೆ.

"ನಾ ಔರಾದದಿಂದ ಮಾತಾಡ್ತೇನ್ರಿ, ಬಳೆ ಮಾರಾಕಿ. ಖಿಡಕ್ಯಾಗಿಂದ ನಿಮ್ಮ ಚೀಲ ಬಂದು ನನ್ನ ಬಳೆ ಬುಟ್ಟಿ ಮ್ಯಾಲ ಬಿತ್ರಿ. ಮಂದಿ ಜೋಡಿ ಜಗಳ ಆಡಿ ನಿಮಗ ಎರಡು ಸೀಟು ಹಿಡಕೊಂಡು ಕುಂತಿದ್ದೆ. ಔರಾದ ಬಂದ್ರೂ ನೀವು ಹತ್ತಲೇ ಇಲ್ಲಲ್ರೀ! ಚೀಲ ನನ್ನ ಹತ್ರ ಜ್ವಾಕಿ ಅದರಿ, ಬಂದು ಒಯ್ರಿ."

ಭಾಲ್ಕಿ ಬಸ್ಸೆಂದು ನಾನು ಚೀಲ ಒಗೆದದ್ದು ಪಕ್ಕದ ಔರಾದ ಬಸ್ಸಿಗೆ!

ಫೋನು ಇಟ್ಟು ಅವ್ವನ ಕೈ ಹಿಡಿದೆ. "ಯವ್ವಾ, ಗಲತಿ ನಂದೇ. ಮಾಫ್ ಮಾಡು."

ಅವ್ವ ಕೈ ಬಿಡಿಸಿಕೊಂಡಳು. "ನನಗ ಮರವು ಅಂತ ಹೇಳಿದ್ದು ಸಭಾದಾಗ. ಮಾಫಿ ಅಡಗಿ ಮನ್ಯಾಗ ಕೇಳ್ತಿ ಏನು? ಅಲ್ಲೇ ನಿಂತು ಹೇಳು."

ಮುಂದಿನ ಭಾನುವಾರ ಎದ್ದು ನಿಂತೆ. ಎರಡು ಬಸ್ಸು, ಬಳೆ ಬುಟ್ಟಿ, ಎಲ್ಲವನ್ನೂ ಹೇಳಿದೆ. ನನ್ನ ತಾಯಿಗೆ ಯಾವ ಮರೆವೂ ಇಲ್ಲ ಎಂದೆ. ಪಾಸ್ಟರು ಬಹಳ ಗಂಭೀರವಾಗಿ ನನ್ನತ್ತ ಕೈ ತೋರಿ, "ಹಾಗಾದರೆ ಈಗ ಈ ಸಹೋದರಿಗಾಗಿ ಪ್ರಾರ್ಥಿಸೋಣ" ಎಂದರು.

ಈ ಪ್ರಾರ್ಥನೆ ಅವ್ವನಿಗಾಗಿ ಮಾಡಿದ್ದಕ್ಕಿಂತ ಉದ್ದವಿತ್ತು. ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದವಳು ಅವ್ವ.