ಒದ್ದೆಪಾದರ ಬೇಡಿಕೆಗಳು

ಲೋಕೋದ್ಧಾರಕ್ಕೆ ಹೊರಟ ಗಂಡಸಿಗೆ ಮೊದಲ ಅಡ್ಡಿ ಅಡುಗೆಮನೆಯ ನಲ್ಲಿ. ನಾನು ಊರಿಗೆಲ್ಲ ನೀರು ಹರಿಸುವ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ಆದ್ದರಿಂದ ನಮ್ಮ ಮನೆಯ ನಲ್ಲಿ ಸೋರುತ್ತದೆ. (ವೈದ್ಯರ ಮನೆಯಲ್ಲಿ ಕೆಮ್ಮು ಇರುವುದಿಲ್ಲವೇ?)

ನಿವೃತ್ತಿಯ ಬೇಸರಕ್ಕೆ ಮಗಳು ಮದ್ದು ಕೊಟ್ಟಳು. ಪ್ರೋಗ್ರಾಮಿಂಗ್! "ಅಪ್ಪಾ, ಇದು ತುಂಬ ಮೇಲ್ಮಟ್ಟದ ಭಾಷೆ. ಏನಾಗಬೇಕು ಅಂತ ಹೇಳಿದ್ರೆ ಸಾಕು. ಹೇಗೆ ಅನ್ನೋದನ್ನ ಕಂಪ್ಯೂಟರೇ ನೋಡ್ಕೊಳುತ್ತೆ."

"ನಾನೂ ಅದೇ ಭಾಷೇಲಿ ಮಾತಾಡೋದು," ಎಂದಳು ಒಳಗಿನಿಂದ ನನ್ನವಳು. "ನಲ್ಲಿ ಸರಿಮಾಡಿ ಅಂತೀನಿ. ಈ ಯಂತ್ರಕ್ಕೇ ಅರ್ಥ ಆಗಲ್ಲ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ಭಾಷೆಗಳಲ್ಲಿ ಗೋಡೆಯುದ್ದ ಬರೆಯಬೇಕಿದ್ದುದನ್ನು ಅಂಗೈಯಗಲದಲ್ಲಿ ಮುಗಿಸಿ, ಮರೆಗುಳಿಗಳಿಗೆ ಕೆಲಸ ನೆನಪಿಸುವ ತಂತ್ರಾಂಶವೊಂದನ್ನು ಹೆತ್ತೆ. ಅಂತರ್ಜಾಲದಲ್ಲಿ ಸ್ವತಂತ್ರ ತಂತ್ರಾಂಶವೆಂದು ಘೋಷಿಸಿಯೂ ಬಿಟ್ಟೆ: "ಯಾರು ಬೇಕಾದರೂ ಬಳಸಿ, ಒಳಗಿಣುಕಿ ನೋಡಿ, ತಿದ್ದಿ, ಹಂಚಿ. ಒಮ್ಮೆ ಕೊಟ್ಟ ಈ ಹಕ್ಕನ್ನು ನಾನೂ ಹಿಂಪಡೆಯಲಾರೆ." ರಾಜ್ಯವನ್ನೇ ದಾನ ಮಾಡಿದ ಚಕ್ರವರ್ತಿಯಂತೆ ಎದೆ ಉಬ್ಬಿ, ಅಂಗಿಯ ಗುಂಡಿ ಹಾರಿ ಫ್ಯಾನಿಗೆ ಬಡಿಯಿತು.

ದಾನ ಪಡೆಯಲು ಯಾರೂ ಬರಲಿಲ್ಲ. ಕೊನೆಗೊಬ್ಬರು ಬಂದರು. ಅಲ್ಲಿ ಇಟ್ಟುಕೊಂಡಿದ್ದ ಹೆಸರು 'ಒದ್ದೆಪಾದ'. ಯಾವುದೋ ದ್ವೀಪದ ವಿಜ್ಞಾನಿಯಿರಬೇಕೆಂದು ತೀರ್ಮಾನಿಸಿದೆ. ಜಗತ್ತಿನಲ್ಲಿ ನನಗಿದ್ದ ಏಕೈಕ ಬಳಕೆದಾರರು! ಅವರೂ ಕೈಬಿಟ್ಟರೆ ನಾನು ಮತ್ತೆ ಬರಿಯ ನಿವೃತ್ತ.

ಅವರು ಬರೆದರು: "ಮಾನ್ಯರೇ, ನೆನಪಿಸುವ ಕರೆ ಇನ್ನೊಬ್ಬರ ಫೋನಿಗೆ ಹೋಗುವಂತಾಗಬೇಕು. ನಮ್ಮಲ್ಲೊಬ್ಬರಿದ್ದಾರೆ, ಏನು ಹೇಳಿದರೂ 'ಆಮೇಲೆ' ಎನ್ನುತ್ತಾರೆ."

"ಅಂಥ ಸೋಮಾರಿಯ ಜೊತೆ ಹೇಗೆ ಬಾಳುತ್ತೀರಿ?" ಎಂದು ಮರುಗಿ, ಊಟ ಬಿಟ್ಟು ಕೂತು ಸೇರಿಸಿದೆ.

"ರೀ, ನಲ್ಲಿ..."

"ಸುಮ್ನಿರೇ! ದ್ವೀಪದವರು ಕಾಯ್ತಿದ್ದಾರೆ!"

ಆ ಕರೆಯ ಸದ್ದು ಅಡಗಿಸಲು ಬರಬಾರದು ಎಂದರು ಒದ್ದೆಪಾದರು. ಸೇರಿಸಿದೆ. ಮುಗಿದ ಕೆಲಸದ ಫೋಟೊ ಕಳಿಸಿ, ಹೇಳಿದವರು ಒಪ್ಪುವವರೆಗೂ ಅರಚುತ್ತಿರಬೇಕು ಎಂದರು. ಅದನ್ನೂ ಸೇರಿಸಿದೆ. "ಆ ಸೋಮಾರಿಗೆ ದಯೆ ಬೇಡ," ಎಂದು ನನ್ನ ಕಡೆಯಿಂದ ಆನೆ ಘೀಳಿಡುವ ಸದ್ದನ್ನೂ ಜೋಡಿಸಿದೆ.

ಮರುದಿನ ಬೆಳಿಗ್ಗೆ ನನ್ನದೇ ಜೇಬಿನಲ್ಲಿ ಆನೆ ಘೀಳಿಟ್ಟಿತು. ಫೋನಿನ ಪರದೆಯ ಮೇಲೆ: "ನಲ್ಲಿ ಸರಿಮಾಡಿ. ಇಂತಿ, ಒದ್ದೆಪಾದ."

ಅಡುಗೆಮನೆಯ ಬಾಗಿಲಲ್ಲಿ ನನ್ನವಳು ನಿಂತು ಕಾಲು ಒರೆಸಿಕೊಳ್ಳುತ್ತಿದ್ದಳು.

"ನೀನಾ?"

"ನಾನು ಕರೆದ್ರೆ ಓ ಅನ್ನಲ್ಲ. ಯಾರೋ ಬರೆದ್ರೆ ಊಟ ಬಿಟ್ಟು ಓಡ್ತೀರಿ. ಅದಕ್ಕೇ ಯಾರೋ ಆದೆ."

"ಈಗ್ಲೇ ತಿದ್ದಿ ಇದರ ಬಾಯಿ ಮುಚ್ಚಿಸ್ತೀನಿ! ಬರೆದವನು ನಾನು!"

"ನಿಮ್ಮ ಫೋನಿಗೆ ರಾತ್ರಿ ಹಾಕಿರೋದು ಮಗಳು ತಿದ್ದಿದ ಪ್ರತಿ. ಕಿತ್ತುಹಾಕೋಕೂ ಬರಲ್ಲ. ತಿದ್ದಿ, ಹಂಚಿ ಅಂತ ನೀವೇ ಅಲ್ವಾ ಬರೆದಿದ್ದು?"

ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ನುಗ್ಗಿದೆ. ಬೆವರು ಹರಿದದ್ದು ನೋಡಿದರೆ ನಲ್ಲಿಯೇ ನಾಚಬೇಕಿತ್ತು. ಫೋಟೊ ಕಳಿಸಿದೆ. "ಮಸುಕಾಗಿದೆ, ಇನ್ನೊಂದು ಕಳಿಸಿ," ಎಂದು ಎರಡು ಮಾರು ದೂರದಿಂದ ಉತ್ತರ ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಬ್ಯಾಂಕ್ ಮ್ಯಾನೇಜರು, ತಲೆತುಂಬ ಜೇಡರಬಲೆ, ಕೈಯಲ್ಲಿ ಪೊರಕೆ, ಜೇಬಿನಲ್ಲಿ ಆನೆ. ನನ್ನವಳು ಬೀದಿಯ ಹೆಂಗಸರಿಗೆಲ್ಲ ಅದನ್ನು ಹಂಚಿಬಿಟ್ಟಿದ್ದಳು!

"ಸ್ವಾಮಿ, ಇದನ್ನ ಬರೆದ ಪುಣ್ಯಾತ್ಮ ಯಾರು ಗೊತ್ತಾ? ಸಿಕ್ಕಿದ್ರೆ ಇದರಲ್ಲೇ ಬಾರಿಸ್ತೀನಿ."

ಕೀರ್ತಿಯೆಂಬುದು ಪೊರಕೆ ಹಿಡಿದು ನನ್ನ ಹೊಸ್ತಿಲಿಗೇ ಬಂದು ನಿಂತಿತ್ತು. ಸ್ಪ್ಯಾನರನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

"ಗೊತ್ತಿಲ್ಲಪ್ಪ. ಯಾವುದೋ ದ್ವೀಪದವನಂತೆ."