ಹಿಮ್ಮಡಿ ನೋಡುವ ಅಜ್ಜ

ನಮ್ಮ ಅಜ್ಜನಿಗೆ ಯಾರ ಮುಖವೂ ನೆನಪಿರುತ್ತಿರಲಿಲ್ಲ. ಸ್ವಂತ ತಂಗಿಯ ಗಂಡನೇ ಎದುರು ಬಂದು "ಸೌಖ್ಯವಾ?" ಎಂದು ಕೇಳಿದರೆ, "ಯಾರು ಮಾರಾಯ ನೀನು?" ಎಂದುಬಿಡುತ್ತಿದ್ದರು. ಪಾಪ, ಆ ಮನುಷ್ಯ ಬೇಸರಪಟ್ಟು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದರೆ ಹಿಂದಿನಿಂದ ಕೂಗು ಕೇಳುತ್ತಿತ್ತು: "ಓ, ಭಾವ ನೀನಾ! ಮೊದಲೇ ತಿರುಗಿ ನಿಲ್ಲಬಾರದಿತ್ತಾ?"

ನಮ್ಮ ಅಜ್ಜ ಜನರನ್ನು ಗುರುತಿಸುತ್ತಿದ್ದದ್ದು ಹಿಮ್ಮಡಿ ನೋಡಿ!

ನಗಬೇಡಿ. ಅಥವಾ ಈಗಲೇ ನಕ್ಕು ಮುಗಿಸಿ. ಅಜ್ಜನಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ.

ಅಜ್ಜ ಎಂದರೆ ನನ್ನ ಅಮ್ಮನ ಅಪ್ಪ ಅಲ್ಲ, ಅಮ್ಮನ ಸೋದರಮಾವ. ನನ್ನ ಅಜ್ಜಿಯ ಅಣ್ಣ. ಕಡಲಿಗೆ ಹೋಗುವ ನಮ್ಮ ಮನೆತನದಲ್ಲಿ ಮನೆ ಹೆಂಗಸರದು, ಯಜಮಾನಿಕೆ ಸೋದರಮಾವನದು. ಮನೆ ಉರ್ವದಲ್ಲಿ. ದೋಣಿಯಲ್ಲಿ ಹೊಳೆ ದಾಟಿದರೆ ಆಚೆ ಕಡಲು. ಆಗ ಯುದ್ಧ ನಡೆಯುತ್ತಿತ್ತು. ಅಕ್ಕಿಗೆ ಸಾಲು ನಿಲ್ಲಬೇಕಿತ್ತು. ಮೀನಿಗೂ ಸಾಲು ನಿಲ್ಲಬೇಕಿತ್ತು, ಆದರೆ ಆ ಸಾಲು ಬೇರೆ.

ರಂಪಣಿ ಬಲೆಯನ್ನು ಈಗಿನವರು ನೋಡಿರಲಿಕ್ಕಿಲ್ಲ. ದೋಣಿಯವರು ಅದನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಗಳ ಹಗ್ಗ ದಡದಲ್ಲಿ. ಒಂದೊಂದು ಹಗ್ಗಕ್ಕೆ ಮೂವತ್ತು ಜನ ಒಬ್ಬರ ಹಿಂದೆ ಒಬ್ಬರು ನಿಂತು, ಕಡಲಿಗೆ ಮುಖ ಮಾಡಿ, ಹಿಮ್ಮಡಿಯನ್ನು ಮರಳಿನಲ್ಲಿ ಊರಿ, ನಿಂತಲ್ಲಿಂದಲೇ ಕೈಯಿಂದ ಕೈಗೆ ಎಳೆಯಬೇಕು. ನಮ್ಮ ಕಡೆಯ ಹಗ್ಗದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು ಅಜ್ಜ. ಹಿಂದಿನಾಳು ಜಾರಿದರೆ ಇಡೀ ಸಾಲು ಜಾರುತ್ತದೆ. ಮೂವತ್ತು ಜನರ ಹಿಮ್ಮಡಿಯನ್ನು ನಲ್ವತ್ತು ವರ್ಷ ನೋಡುತ್ತಾ ನಿಂತವರಿಗೆ ಮುಖದ ಅಗತ್ಯವಾದರೂ ಎಂತದು?

ಹಗ್ಗಕ್ಕೆ ಯಾರು ಬರಬಹುದು, ಯಾರು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸುವವರು ಅವರೇ. ಎಳೆದು ಮುಗಿದ ಮೇಲೆ ಪ್ರತಿಯೊಬ್ಬನ ಕಾಲ ಕೆಳಗೆ ಒಂದು ಹೊಂಡ ಉಳಿಯುತ್ತಿತ್ತು. ಅಜ್ಜ ಮೊಣಕಾಲೂರಿ, ವೈದ್ಯರು ನಾಲಿಗೆ ನೋಡಿದ ಹಾಗೆ ಆ ಹೊಂಡ ನೋಡುತ್ತಿದ್ದರು. ದುಂಡಗಿದ್ದರೆ ಆಳು ಗಟ್ಟಿ. ಕಡಲಿನ ಕಡೆಗೆ ಉದ್ದಕ್ಕೆ ಗೀರಿದ್ದರೆ ಜಾರಿದ್ದಾನೆ. ಹಿಮ್ಮಡಿಯ ಗುರುತೇ ಇಲ್ಲದೆ ಬರೀ ಬೆರಳಿನ ಗುರುತು ಇದ್ದರೆ? "ಇವ ಎಳೆದದ್ದು ಬೊಬ್ಬೆ ಮಾತ್ರ!"

ಆಮೇಲೆ ತೀರ್ಪು. ತೀರ್ಪಿನಲ್ಲಿ ಯಾವಾಗಲೂ ಎರಡು ಭಾಗ. ಮೊದಲು ಆಳಿನಲ್ಲಿ ಇಲ್ಲದ್ದು, ಮತ್ತೆ ಉಂಟಾದದ್ದು, ಅಂದರೆ ಇರುವುದು. ಎರಡನೆಯದನ್ನು ಹೇಳದೆ ಅವರು ಯಾರನ್ನೂ ಕಳಿಸಿದ್ದನ್ನು ನಾನು ಕಾಣೆ.

ಒಮ್ಮೆ ತಾಲೀಮಿನ ಪೈಲ್ವಾನನೊಬ್ಬ ಬಂದ. ತೋಳಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. "ನೋಡಿ ಅಜ್ಜ" ಎಂದು ಉಬ್ಬಿಸಿ ತೋರಿಸಿದ.

"ನನಗೆ ಯಾಕೆ? ಬಂಗುಡೆಗೆ ತೋರಿಸು. ಹೆದರಿ ತಾನೇ ಬಲೆಗೆ ಬಂದೀತು" ಎಂದರು ಅಜ್ಜ.

ಹಗ್ಗ ಕೊಟ್ಟರು. ಪೈಲ್ವಾನ ಅರ್ಧ ಗಳಿಗೆಯಲ್ಲಿ ಕುಳಿತೇಬಿಟ್ಟ! ಮರುದಿನವೂ ಬಂದ, ಕುಳಿತ. ಮತ್ತೆ ಬಂದ. ಒಂದು ತಿಂಗಳು ಮರಳಿನಲ್ಲಿ ಹಿಮ್ಮಡಿ ಊರುವುದನ್ನೇ ಕಲಿತ. ಅಜ್ಜ ತೀರ್ಪು ಕೊಟ್ಟರು: "ಇಲ್ಲದ್ದು, ಹಿಮ್ಮಡಿ. ಉಂಟಾದದ್ದು, ಎಷ್ಟು ಬೈದರೂ ನಾಳೆ ಬರ್ತಾನೆ." ಹಾಗೆ ಹೇಳಿ ತಮ್ಮ ಎದುರಿಗೇ, ಕೊನೆಯಿಂದ ಎರಡನೆಯ ಜಾಗದಲ್ಲಿ ನಿಲ್ಲಿಸಿಕೊಂಡರು. ಅದು ಸಣ್ಣ ಮರ್ಯಾದೆಯಲ್ಲ. ಅಲ್ಲಿ ನಿಂತೇ ಅವನ ಹಿಮ್ಮಡಿ ಗಟ್ಟಿಯಾದದ್ದು.

ಇನ್ನೊಬ್ಬನಿದ್ದ, ಊರಿನ ಅತಿ ದೊಡ್ಡ ಸೋಮಾರಿ. ಹೆತ್ತ ತಾಯಿಯೇ ಅವನನ್ನು ಒರಳುಕಲ್ಲು ಎಂದು ಕರೆಯುತ್ತಿದ್ದಳು. ಅಜ್ಜ ಅವನನ್ನು ಮರಳುದಿಬ್ಬದ ಮೇಲೆ ಕೂರಿಸಿ, ಮೀನಿನ ಹಿಂಡು ಬಂದಾಗ ನೀರಿನ ಬಣ್ಣ ಬದಲಾಗುವುದನ್ನು ನೋಡಲು ಹೇಳಿದರು. ಎಲ್ಲರೂ ಗೊಣಗಿದರು.

"ಕೂತುಕೊಳ್ಳುವುದು ಸಣ್ಣ ಬಲವಾ?" ಅಜ್ಜ ಗುಡುಗಿದರು. "ನೀನು ಕೂತುಕೋ ನೋಡುವ, ಮಧ್ಯಾಹ್ನದವರೆಗೆ, ಒಮ್ಮೆಯೂ ತುರಿಸಿಕೊಳ್ಳದೆ!"

ಯಾರೂ ಮುಂದೆ ಬರಲಿಲ್ಲ. ಆ ಒರಳುಕಲ್ಲು ತೋರಿಸಿದ ದಿಕ್ಕಿಗೆ ಹಾಕಿದ ಬಲೆ ಖಾಲಿ ಬಂದದ್ದು ಅಪರೂಪ.

ಚಿಕ್ಕಮ್ಮನನ್ನು ನೋಡಲು ಗಂಡು ಬಂದ ದಿನವಂತೂ ಮನೆಯ ಮಾನವೇ ಹೋಗುವುದರಲ್ಲಿತ್ತು. ಹುಡುಗ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಬೂಟು ಹಾಕಿಕೊಂಡು ಬಂದಿದ್ದ. ಅಜ್ಜ ಸೌಖ್ಯ ಕೇಳಲಿಲ್ಲ, ಮನೆತನ ಕೇಳಲಿಲ್ಲ. "ಬೂಟು ತೆಗಿ. ಸಾಕ್ಸು ಸಹ. ಅಂಗಳದಲ್ಲಿ ಒಂದು ಸುತ್ತು ನಡಿ" ಎಂದರು! ಹುಡುಗ ನಡೆದ. ಅಜ್ಜ ಬಗ್ಗಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಬೆಣ್ಣೆ" ಎಂದರು. ಗಾಬರಿಯಲ್ಲಿ ಚಿಕ್ಕಮ್ಮ ಬಿಸಿ ಕಾಫಿಯನ್ನು ಹುಡುಗನ ತೊಡೆಯ ಮೇಲೆಯೇ ಚೆಲ್ಲಿದಳು, ಚೆಲ್ಲಿ, "ಕಾಲು ಅಲ್ಲಿ ಇಡುವುದಾ?" ಎಂದು ಅವನಿಗೇ ಗದರಿದಳು. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು, "ತೊಂದರೆ ಇಲ್ಲ" ಎಂದ.

ಅಜ್ಜ ತೊಡೆ ತಟ್ಟಿ ಎದ್ದರು. "ಇಲ್ಲದ್ದು, ಹಿಮ್ಮಡಿ. ಉಂಟಾದದ್ದು, ತಾಳ್ಮೆ. ನಮ್ಮ ಹುಡುಗಿಗೆ ಬೇಕಾದದ್ದು ಅದೊಂದೇ. ದಿನ ನೋಡಿ!"

ಚಿಕ್ಕಪ್ಪ ಆ ತಾಳ್ಮೆಯನ್ನು ಐವತ್ತು ವರ್ಷ ಖರ್ಚು ಮಾಡಿದರು. ಮುಗಿಯಲಿಲ್ಲ.

ಅಜ್ಜನಿಗೆ ಸರಿಸಾಟಿ ಎಂದರೆ ನನ್ನ ಅಜ್ಜಿ ಒಬ್ಬಳೇ. ಮೀನಿನ ಬುಟ್ಟಿ ಹೊತ್ತು ಉರ್ವದಿಂದ ಪೇಟೆ ದಾಟಿ ಫಳ್ನೀರಿನವರೆಗೆ ನಡೆದು, ಮಾರಿ, ಬಂದು ಅನ್ನಕ್ಕಿಡುವವಳು. ಒಂದು ದಿನ ಅಜ್ಜ ಅವಳ ಹಿಮ್ಮಡಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ಸೌಟು ಎತ್ತಿ, "ಮೊದಲು ನಿಂದು ಕೇಳು. ಇಲ್ಲದ್ದು, ನಾಚಿಕೆ. ಉಂಟಾದದ್ದು, ಹಸಿವು. ಬಟ್ಟಲಿಡು" ಎಂದಳು. ಅಜ್ಜ ಬಟ್ಟಲಿಟ್ಟರು.

ನನ್ನ ತೀರ್ಪು? ನನಗಾಗ ಹತ್ತು ವರ್ಷ. ವಿಷಮ ಜ್ವರದಿಂದ ಎದ್ದು ಒಣ ಬೂತಾಯಿ ಮೀನಿನ ಹಾಗೆ ಆಗಿದ್ದೆ. "ಇಲ್ಲದ್ದು, ಎಲ್ಲವೂ" ಎಂದರು ಅಜ್ಜ. "ಹಿಮ್ಮಡಿಯಂತೂ ಕೋಳಿದ್ದು. ಉಂಟಾದದ್ದು, ಕಣ್ಣು." ಹೀಗೆ ನನಗೆ ಹಗ್ಗ ಸುತ್ತುವ ಜಾಗ ಸಿಕ್ಕಿತು. ಅಜ್ಜನ ಬೆನ್ನ ಹಿಂದೆ ಕುಳಿತು, ಎಳೆದು ಬಂದ ಒದ್ದೆ ಹಗ್ಗವನ್ನು ಸುರುಳಿ ಸುತ್ತುವುದು, ಹಾಗೇ ಹೊಂಡ ಓದುವುದನ್ನು ಕಲಿಯುವುದು. ಇಷ್ಟು ವರ್ಷ ಕಳೆದು, ಮೊನ್ನೆ ಆಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ನನ್ನ ಕೈಗೊಂದು ಯಂತ್ರ ಕೊಟ್ಟು, "ಗಟ್ಟಿ ಹಿಂಡಿ ಅಜ್ಜೀ" ಎಂದಳು. ಹಿಂಡಿದೆ. "ಬೆರಳಿನಲ್ಲಿ ಬಲವೇ ಇಲ್ಲ" ಎಂದು ಬರೆದುಕೊಂಡಳು. "ಇಲ್ಲದ್ದು ಬರೆದಾಯಿತು, ಉಂಟಾದದ್ದು ಯಾವ ಕಾಗದದಲ್ಲಿ ಬರೀತೀ ಮಗಾ?" ಎಂದು ಕೇಳಿದೆ. ಪಾಪ, ಹೆದರಿದಳು. ಆ ಬಲವಿಲ್ಲದ ಬೆರಳಿನಿಂದಲೇ ಫೋನಿನಲ್ಲಿ ಇಷ್ಟುದ್ದ ಕುಟ್ಟುತ್ತಿದ್ದೇನೆ, ನೋಡಿ!

ಹಗ್ಗ ಸುತ್ತುವ ಜಾಗ ಮಕ್ಕಳದು, ಮುದುಕಿಯರದು. ಹಗ್ಗದಿಂದ ಇಳಿಸಿದ ಗಂಡಸಿಗೂ ಅದೇ ಜಾಗ. ಅಜ್ಜನ ನಿಯಮ ಕಠಿಣ: ಮೂರು ದಿನ ಜಾರಿದವ ಹಗ್ಗ ಬಿಡಬೇಕು, ಇನ್ನೊಬ್ಬನನ್ನು ಬೀಳಿಸಿದವ ಅದೇ ದಿನ. ಅಲೆ ಹಿಂದಕ್ಕೆ ಸೆಳೆಯುವಾಗ ಒಬ್ಬ ಬಿದ್ದರೆ ಹತ್ತು ಜನರ ಅಂಗೈ ಸುಲಿಯುತ್ತದೆ. ಜೊತೆಯಲ್ಲೇ ಬೆಳೆದ ಗೆಳೆಯನನ್ನೂ ಅವರು ಬಿಡಲಿಲ್ಲ. ಆ ಗೆಳೆಯ "ಹೆಂಗಸರ ಜಾಗದಲ್ಲಿ ಕೂತುಕೊಳ್ಳುವುದಿಲ್ಲ" ಎಂದು ಮನೆಗೆ ಹೋದವರು ಎರಡು ವರ್ಷ ಕಡಲಿನ ಕಡೆ ತಲೆ ಹಾಕಲಿಲ್ಲ. ಅಜ್ಜನ ಜೊತೆ ಮಾತೂ ಬಿಟ್ಟರು.

ಈಗ ಒಂದು ವಿಷಯ ನಿಮಗೂ ಹೊಳೆದಿರಬೇಕು. ಎಲ್ಲರ ಹಿಮ್ಮಡಿ ಅಜ್ಜನಿಗೆ ಕಾಣುತ್ತಿತ್ತು. ಅಜ್ಜನ ಹಿಮ್ಮಡಿ?

ಅದು ಕಾಣುತ್ತಿದ್ದದ್ದು ಅವರ ಬೆನ್ನಿಗೇ ಕೂರುತ್ತಿದ್ದ ನನಗೊಬ್ಬಳಿಗೆ.

ಆ ವರ್ಷ ನವರಾತ್ರಿಗೆ ಸ್ವಲ್ಪ ಮುಂಚೆ ಅವರ ಹೊಂಡ ನೋಡಿದೆ. ದುಂಡಗಿರಲಿಲ್ಲ. ಕಡಲಿನ ಕಡೆಗೆ ಒಂದು ಗೇಣು ಗೀರಿತ್ತು. ಎಲ್ಲರೂ ಮೀನಿನ ಕಡೆ ಓಡಿದ್ದರು. ನಾನು ಆಚೆ ಈಚೆ ನೋಡಿ, ಕಾಲಿನಿಂದ ಒರೆಸಿಬಿಟ್ಟೆ. ಮರುದಿನವೂ ಇತ್ತು. ಒರೆಸಿದೆ. ಮೂರನೆಯ ದಿನ ಬರೀ ಒರೆಸಲಿಲ್ಲ, ಮುಷ್ಟಿಯಿಂದ ಒತ್ತಿ ಚಂದದ ದುಂಡು ಹೊಂಡ ಮಾಡಿಟ್ಟೆ. ಅಜ್ಜ ಬಂದು, ನೋಡಿ, ಮೀಸೆ ನೀವಿಕೊಂಡು ಹೋದರು. ದಿನಾ ಅದೇ ನನ್ನ ಕೆಲಸವಾಯಿತು. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತ ಆ ಗೆಳೆಯನನ್ನು ನಾನು ನೋಡಿದ್ದೆ. ನಮ್ಮ ಅಜ್ಜ ಹಾಗೆ ಕೂರುವುದು ನನಗೆ ಬೇಡವಾಗಿತ್ತು.

ಒಂದು ದಿನ ದೊಡ್ಡ ಅಲೆಯೊಂದು ಹಗ್ಗವನ್ನು ಸೆಳೆಯಿತು. ಅಜ್ಜ ಜಾರಿ, ಪೈಲ್ವಾನನ ಮೊಣಕಾಲಿನ ಹಿಂದಕ್ಕೆ ಹೊಡೆದರು. ಇಬ್ಬರೂ ಬಿದ್ದರು. ಮುಂದಿನ ನಾಲ್ಕೈದು ಜನರ ಕೈ ಸುಲಿದು ರಕ್ತ ಬಂತು. ಬೊಬ್ಬೆ, ಗಲಾಟೆ. ಆ ಗಲಾಟೆಯಲ್ಲಿ ನಾನು ಮಾಡಿದ್ದನ್ನು ಯಾರೂ ನೋಡಲಿಲ್ಲ.

"ನೀವು ಮೇಲೆ ಬಿದ್ದದ್ದು ಅಜ್ಜ" ಎಂದ ಪೈಲ್ವಾನ.

"ನಾನಾ? ನೀನು ಹಿಂದೆ ಬಂದದ್ದು. ಬಾ, ಹೊಂಡ ನೋಡುವ."

ಬಿದ್ದ ರಭಸಕ್ಕೆ ಪೈಲ್ವಾನನ ಹೊಂಡ ಕಲಸಿಹೋಗಿತ್ತು. ಅಜ್ಜನ ಹೊಂಡ ಬಟ್ಟಲಿನ ಹಾಗೆ ದುಂಡಗಿತ್ತು. ಪೈಲ್ವಾನ ಅದನ್ನು ತುಂಬ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಅಷ್ಟು ದೊಡ್ಡ ದೇಹ, ಮಕ್ಕಳ ಸಾಲಿನಲ್ಲಿ! ಯಾರೂ ನಗಲಿಲ್ಲ. ಹಗ್ಗ ಸುತ್ತುತ್ತಾ ಮೆಲ್ಲನೆ ಕೇಳಿದ: "ಬಾಲೆ, ನಿನಗೆ ಕಾಣ್ತದಲ್ಲ. ನನ್ನ ಹಿಮ್ಮಡಿಯಲ್ಲಿ ಬಲ ಹೋದದ್ದು ಹೌದಾ?"

ನಾನು ಸುತ್ತಿದ್ದ ಸುರುಳಿ ಬಿಚ್ಚಿ ಮತ್ತೆ ಸುತ್ತಿದೆ. ಅವನು ನನ್ನ ಮುಷ್ಟಿ ಮಾಡಿದ ಹೊಂಡವನ್ನು ನಂಬಿ, ತನ್ನ ಸ್ವಂತ ಕಾಲನ್ನು ನಂಬದೆ ಕುಳಿತಿದ್ದ. ಆ ದಿನ ಅನ್ನ ಸೇರಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ, "ಜ್ವರವೂ ಇಲ್ಲ, ಎಂತ ರೋಗ ಇದು?" ಎಂದಳು.

ಮರುದಿನ ಬಲೆ ಬಂದ ಮೇಲೆ ನಾನು ಒರೆಸಲಿಲ್ಲ. ಅಜ್ಜನ ಹೊಂಡದ ಮೇಲೆ ಮೀನಿನ ಬುಟ್ಟಿ ಕವುಚಿ ಹಾಕಿ, ಅದರ ಮೇಲೆ ಹತ್ತಿ ಕುಳಿತುಬಿಟ್ಟೆ. ಎಲ್ಲರೂ ಮೀನಿನ ಹತ್ತಿರ. ಅಜ್ಜ ಬಂದರು.

"ಏಳು. ಬುಟ್ಟಿ ಬೇಕು."

"ಏಳುವುದಿಲ್ಲ. ನೀವು ಮೊದಲು ಮೊಣಕಾಲೂರಿ."

ಅಜ್ಜ ಮುಂಡು ಎತ್ತಿ ಕಟ್ಟಿದರು. ಮೆಲ್ಲನೆ ಮೊಣಕಾಲೂರಿದರು. ನಾನು ಬುಟ್ಟಿ ಎತ್ತಿದೆ. ಗೀರನ್ನು ಅವರು ಗೇಣಿನಿಂದ ಅಳೆದರು. ಎರಡು ಗೇಣು, ನಾಲ್ಕು ಬೆರಳು.

"ನಿನ್ನೆಯದ್ದು?"

"ನಾನು ಸರಿ ಮಾಡಿದ್ದು."

"ಮೊನ್ನೆಯದ್ದು?"

"ಅದೂ. ನವರಾತ್ರಿಯ ಮೊದಲಿನಿಂದ."

ಬೈಗುಳಕ್ಕೆ ಕಿವಿ ಮುಚ್ಚಿ ನಿಂತೆ. ಬೈಗುಳ ಬರಲಿಲ್ಲ. "ಕಾಲಿಗೆ ಗೊತ್ತಾಗ್ತಿತ್ತು" ಎಂದರು ಅಜ್ಜ, ನನಗಲ್ಲ, ಮರಳಿಗೆ. "ನೋಡಿದರೆ ಹೊಂಡ ಸರಿ ಉಂಟು. ಕಾಲೇ ಸುಳ್ಳು ಹೇಳುವುದು ಅಂತ ಗ್ರಹಿಸಿದೆ."

ಮರುದಿನ ಅವರು ಎಲ್ಲರೆದುರು ಪೈಲ್ವಾನನ ಕೈ ಹಿಡಿದು ಕೊನೆಯ ಜಾಗದಲ್ಲಿ, ತಮ್ಮ ಜಾಗದಲ್ಲಿ, ನಿಲ್ಲಿಸಿದರು. "ತಪ್ಪು ನಂದು" ಎಂದು ಮೂವತ್ತು ಜನರಿಗೆ ಕೇಳುವ ಹಾಗೆ ಹೇಳಿ, ಬಂದು ನನ್ನ ಪಕ್ಕದಲ್ಲಿ ಹಗ್ಗ ಸುತ್ತಲು ಕುಳಿತರು. ಸುದ್ದಿ ಹೊಳೆ ದಾಟಿತು. ವಾರದೊಳಗೆ ಆ ಮುನಿದ ಗೆಳೆಯ ಕೋಲೂರಿಕೊಂಡು ದೋಣಿ ಇಳಿದು ಬಂದರು. ಎರಡು ವರ್ಷಗಳ ನಂತರ ಅಜ್ಜನಿಗೆ ಅವರು ಆಡಿದ ಮೊದಲ ಮಾತು: "ಆಚೆ ಸರಿ. ಅದು ನನ್ನ ಜಾಗ." ಮುಖ ನೋಡಿ ಅಜ್ಜನಿಗೆ ಗುರುತು ಹತ್ತಿದ್ದು ಜೀವಮಾನದಲ್ಲಿ ಅದೊಂದೇ ಸಲವಿರಬೇಕು. ಸರಿದು ಕೂತರು.

ಆದರೆ ಅದೆಲ್ಲ ಆಮೇಲಿನ ಮಾತು. ಆ ದಿನ, ಹೊಂಡದ ಎದುರು, ಅಜ್ಜ ಇನ್ನೂ ಮೊಣಕಾಲೂರಿಯೇ ಇದ್ದರು.

"ಹೇಳು" ಎಂದರು. "ನಿನಗೆ ಕಣ್ಣುಂಟಲ್ಲ, ತೀರ್ಪು ಹೇಳು."

"ಇಲ್ಲದ್ದು," ಎಂದೆ. "ಹಿಮ್ಮಡಿ."

"ಸರಿ. ಉಂಟಾದದ್ದು?"

ನಾನು ಹುಡುಕಿದೆ. ಆಗ ಎಷ್ಟೋ ಹೇಳಬಹುದಿತ್ತು. ಈಗ ಕುಳಿತರೆ ಒಂದು ಪುಸ್ತಕ ಹೇಳಿಯೇನು. ಹತ್ತು ವರ್ಷದ ಬಾಯಿಗೆ ಒಂದೂ ಬರಲಿಲ್ಲ. ಅಜ್ಜ ಕಾಯುತ್ತಿದ್ದರು. ಎರಡನೆಯದಿಲ್ಲದೆ ಯಾರನ್ನೂ ಕಳಿಸದ ಮನುಷ್ಯ, ತನ್ನ ಎರಡನೆಯದಕ್ಕಾಗಿ ಕಾಯುತ್ತಿದ್ದರು.

"ನಾನುಂಟಲ್ಲ ಅಜ್ಜ" ಎಂದೆ.

ಅಜ್ಜ ಏಳಲು ನೋಡಿದರು, ಆಗಲಿಲ್ಲ. ಯಾರ ಆಸರೆಯನ್ನೂ ಹಿಡಿಯದವರು, ಅಂಗೈಯನ್ನು ನನ್ನ ತಲೆಯ ಮೇಲಿಟ್ಟು, ಮೈಭಾರವನ್ನೆಲ್ಲ ಬಿಟ್ಟು, ಮೆಲ್ಲನೆ ಎದ್ದು ನಿಂತರು. ನಾನು ಹಲ್ಲು ಕಚ್ಚಿ ನಿಂತೆ. ಅಲುಗಾಡಲಿಲ್ಲ. ಅವರು ಕೈ ತೆಗೆದು, ಅಭ್ಯಾಸದಂತೆ, ನನ್ನ ಕಾಲ ಕೆಳಗೆ ಬಗ್ಗಿ ನೋಡಿದರು.

"ಹೊಂಡ ದುಂಡಗುಂಟು" ಎಂದರು.